ಆಟಗಾರನ ಶೀಲ

ಪ್ರತಿವರ್ಷವೂ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ಕೆಲವೇ ದಿನಗಳಲ್ಲಿ ನಮ್ಮ ಸೂಚನಾಫಲಕದ ಮೇಲೆ ಒಂದು ಕಾಗದವು ಕಾಣಿಸಿಕೊಳ್ಳುತ್ತದೆ. ಅದರಲ್ಲಿರುವುವು ಹೆಚ್ಚೆಂದರೆ ಹನ್ನೆರಡು ಹೆಸರುಗಳು. ಪರೀಕ್ಷೆಯ ಫಲಿತಾಂಶದ ದಿನ ಕೂಡ ಆ ಫಲಕದ ಮುಂದೆ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಮುಂದೆ ನಿಂತವನು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ; ಹಿಂದೆ ನಿಂತವರು ಉಸಿರು ಬಿಗಿಹಿಡಿದು ಕೇಳುತ್ತಾರೆ. ಹೆಸರು ಬಂದವನು ಕುಣಿದಾಡುತ್ತಾನೆ. ಬಾರದವನು ಏನೂ ಆಗದವನಂತೆ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಲ್ಲನೆ ಮೆಟ್ಟಿಲಿಳಿದು ಹೋಗುತ್ತಾನೆ. ವಿದ್ಯಾರ್ಥಿಮಿತ್ರರೇ, ಈ ಲೇಖನವನ್ನು ನಾವು ಬರೆಯುತ್ತಿರುವುದು ಮುಖ್ಯವಾಗಿ ಆ ಮೆಟ್ಟಿಲಿಳಿದು ಹೋದವನಿಗಾಗಿ.

ನಾವು ಕನ್ನಡ ಪಾಠ ಹೇಳುವವರು. ಆದರೂ ನಮ್ಮ ವ್ಯಾಯಾಮ ಶಿಕ್ಷಕರೊಡನೆ ಸೇರಿ ಕಬಡ್ಡಿ, ಖೊ-ಖೊ, ಕ್ರಿಕೆಟ್ ತಂಡಗಳನ್ನು ಆರಿಸುವ ಹೊಣೆಯನ್ನು ಕೆಲವು ವರ್ಷಗಳಿಂದ ಹೊತ್ತಿದ್ದೇವೆ. ಪಟ್ಟಿ ಹೊರಬಿದ್ದ ಮರುದಿನ ಯಾರಾದರೊಬ್ಬ ಹುಡುಗ ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಲ್ಲುವುದು ತಪ್ಪಿದ್ದಲ್ಲ. "ಸರ್, ಅವನಿಗಿಂತ ನಾನೇ ಚೆನ್ನಾಗಿ ಆಡುತ್ತೇನಲ್ಲ, ನನ್ನನ್ನೇಕೆ ಬಿಟ್ಟಿರಿ?" ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು. ಎಷ್ಟೋ ಸಲ ಅವನು ಹೇಳುವುದು ನಿಜವೂ ಆಗಿರುತ್ತದೆ. ಓಟದಲ್ಲಿ, ಹಿಡಿತದಲ್ಲಿ, ಚುರುಕುತನದಲ್ಲಿ ಅವನು ಇನ್ನೊಬ್ಬನಿಗಿಂತ ಒಂದು ಕೈ ಮೇಲೆಯೇ. ಹಾಗಿದ್ದೂ ಅವನು ಹೊರಗುಳಿಯುವುದೇಕೆ? ಆಟದ ಕೌಶಲದ ಜೊತೆಗೆ ಇನ್ನಾವುದನ್ನು ತೂಗಲಾಗುತ್ತದೆ? ಆ ತಕ್ಕಡಿ ಯಾವಾಗಲೂ ಸರಿಯಾಗಿರುತ್ತದೆಯೇ? ಇವನ್ನು ನಾವು ತಿಳಿದಮಟ್ಟಿಗೆ ವಿವರಿಸುವೆವು.

ಮೊದಲು ಅಂಗಳದ ಲೆಕ್ಕವನ್ನು ನೋಡೋಣ. ನಾವು ಹಳ್ಳಿಯಲ್ಲಿ ಬೆಳೆದ ಕಾಲಕ್ಕೆ ಆಟಕ್ಕೆ ಪಟ್ಟಿ ಎಂಬುದಿರಲಿಲ್ಲ. ಸಂಜೆಯಾಯಿತೆಂದರೆ ಓಣಿಯ ಮಕ್ಕಳೆಲ್ಲ ಕಣದಲ್ಲಿ ಸೇರುತ್ತಿದ್ದೆವು. ಹದಿನೈದು ಮಂದಿ ಬಂದರೆ ಹದಿನೈದು, ಮೂವತ್ತು ಬಂದರೆ ಮೂವತ್ತು. ಈ ಮಹಾನಗರದಲ್ಲಿ ಹಾಗಿಲ್ಲ. ಇಲ್ಲಿ ಮೈದಾನವೇ ಬೆರಳೆಣಿಕೆಯ ವಸ್ತು. ಒಂದು ಮೈದಾನದಲ್ಲಿ ಹತ್ತು ಕಡೆ ಆಟ ನಡೆಯುತ್ತಿರುತ್ತದೆ. ಅಂತರಶಾಲಾ ಪಂದ್ಯಗಳಿಗೆ ನಿಯಮಗಳ ಕಟ್ಟೂ ಇದೆ. ಕಬಡ್ಡಿಯ ತಂಡದಲ್ಲಿ ಹನ್ನೆರಡು ಮಂದಿಯಿದ್ದರೂ ಅಂಕಣಕ್ಕಿಳಿಯುವವರು ಏಳು ಮಂದಿ ಮಾತ್ರ. ಉಳಿದ ಐವರು ಗೆರೆಯ ಹೊರಗೆ ಕುಳಿತಿರಬೇಕು. ಖೊ-ಖೊ ಆಟದಲ್ಲಿ ಹನ್ನೆರಡರಲ್ಲಿ ಒಂಬತ್ತು ಮಂದಿ ಆಡಿದರೆ ಮೂವರು ಹೊರಗೆ. ಕ್ರಿಕೆಟಿನ ಹನ್ನೆರಡನೆಯವನಂತೂ ಬೇರೆಯವರ ಬದಲಿಗೆ ಚೆಂಡು ತಡೆಯಬಹುದೇ ಹೊರತು ಸಾಮಾನ್ಯವಾಗಿ ಬ್ಯಾಟು ಹಿಡಿಯುವಂತಿಲ್ಲ, ಬೌಲಿಂಗ್ ಮಾಡುವಂತಿಲ್ಲ. ಇರುವ ಸ್ಥಾನ ಕಡಮೆ, ಬಯಸುವವರು ಬಹಳ. ಆದುದರಿಂದ ಆರಿಸುವುದು ಅನಿವಾರ್ಯ. ಇಬ್ಬರ ಕೌಶಲವು ಹೆಚ್ಚು ಕಡಮೆ ಸಮನಾಗಿರುವಲ್ಲಿ ಆರಿಸುವವರ ಕಣ್ಣು ತಾನಾಗಿಯೇ ಅವರ ನಡತೆಯ ಕಡೆಗೆ ಹೊರಳುತ್ತದೆ.

ನಡತೆಗೂ ಆಟದ ಅವಧಿಗೂ ಏನು ಸಂಬಂಧವೆಂದು ಕೇಳುವವರಿಗೆ ಆಟದ ನಿಯಮಗಳೇ ಉತ್ತರ ಕೊಡುತ್ತವೆ. ಕಬಡ್ಡಿಯಲ್ಲಿ ಅಶಿಸ್ತಿನಿಂದ ನಡೆದುಕೊಂಡವನಿಗೆ ಮೊದಲು ಹಸಿರು ಚೀಟಿಯ ಎಚ್ಚರಿಕೆ. ಹಳದಿ ಚೀಟಿ ಕಂಡರೆ ಎರಡು ನಿಮಿಷ ಹೊರಗೆ. ಕೆಂಪು ಕಂಡರೆ ಆ ಪಂದ್ಯವೇ ಮುಗಿದಂತೆ. ಹಾಕಿಯಲ್ಲಿ ಹಸಿರು ಚೀಟಿಗೇ ಎರಡು ನಿಮಿಷ, ಹಳದಿಗೆ ಕಡಮೆಯೆಂದರೆ ಐದು ನಿಮಿಷ ಅಂಗಳವನ್ನು ಬಿಡಬೇಕು. ಸಭ್ಯರ ಆಟವೆಂದು ಹೆಸರಾದ ಕ್ರಿಕೆಟಿನಲ್ಲಿಯೂ 2017ರಿಂದ ಅತಿ ಘೋರವಾಗಿ ವರ್ತಿಸಿದ ಆಟಗಾರನನ್ನು ಪಂದ್ಯದ ಉಳಿದ ಅವಧಿಗೆ ಹೊರಗೆ ಕಳುಹಿಸುವ ಅಧಿಕಾರವು ಅಂಪೈರುಗಳಿಗೆ ದೊರೆತಿದೆ. ಕೋಪದ ಒಂದು ಕ್ಷಣಕ್ಕೆ ಆಟಗಾರನು ತೆರುವ ದಂಡವನ್ನು ಹಣದಲ್ಲಿ ಎಣಿಸುವುದಕ್ಕೆ ಮೊದಲು ನಿಮಿಷಗಳಲ್ಲಿ ಎಣಿಸುತ್ತಾರೆ. ದಂಡವನ್ನು ತೆರುವವನು ಅವನೊಬ್ಬನೇ ಅಲ್ಲ. ಆ ನಿಮಿಷಗಳಲ್ಲಿ ತಂಡವೆಲ್ಲ ಒಬ್ಬ ಕಡಮೆಯಾಗಿ ಸೆಣಸಬೇಕಾಗುತ್ತದೆ.

ಕಾಲ್ಚೆಂಡಿನ ಲೋಕದಲ್ಲಿ ಜಿನೆದೀನ್ ಜಿದಾನ್ ಅವರಷ್ಟು ನಯವಾಗಿ ಆಡಿದವರು ವಿರಳ. ಫ್ರಾನ್ಸಿನ ನಾಯಕರಾಗಿದ್ದ ಅವರು 2006ರ ಜುಲೈ 9ರಂದು ಬರ್ಲಿನಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಆಡುತ್ತಿದ್ದರು. ಅದೇ ತಮ್ಮ ಕೊನೆಯ ಪಂದ್ಯವೆಂದು ಮೊದಲೇ ಸಾರಿದ್ದರು. 110ನೆಯ ನಿಮಿಷದಲ್ಲಿ ಎದುರಾಳಿಯೊಬ್ಬನ ಮಾತಿಗೆ ಕೆರಳಿ ಅವನ ಎದೆಗೆ ತಲೆಯಿಂದ ಗುದ್ದಿದರು. ಕೆಂಪು ಚೀಟಿ ಮೇಲೆದ್ದಿತು. ಪಂದ್ಯವು ಸಮವಾಗಿ ಉಳಿದು ಪೆನಾಲ್ಟಿ ಹೊಡೆತಗಳ ಘಟ್ಟಕ್ಕೆ ಬಂದಾಗ ತಂಡದ ಅತ್ಯಂತ ನಂಬುಗೆಯ ಕಾಲು ಅಂಗಳದ ಹೊರಗಿತ್ತು. ಇಟಲಿ 5-3ರಿಂದ ಗೆದ್ದಿತು. ಜಿದಾನ್ ದುಷ್ಟರಾಗಿರಲಿಲ್ಲ. ಒಂದು ಗಳಿಗೆಯ ಮಟ್ಟಿಗೆ ತಮ್ಮನ್ನು ತಾವು ಆಳಿಕೊಳ್ಳಲಾರದೆ ಹೋದರು, ಅಷ್ಟೆ. ಅಂಥ ಮಹಾನುಭಾವರಿಗೇ ತಪ್ಪದಿದ್ದುದು ನಮಗೆ ನಿಮಗೆ ತಪ್ಪುವುದೆಂದು ತಿಳಿಯಬಾರದು.

ನಮ್ಮ ಶಾಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುವೆವು, ಹೆಸರುಗಳು ಬೇಡ. ಕೆಲವು ವರ್ಷಗಳ ಹಿಂದೆ ನಮ್ಮ ಕಬಡ್ಡಿ ತಂಡದಲ್ಲಿ ಗಾಳಿಯಂತೆ ನುಗ್ಗುವ ಹುಡುಗನೊಬ್ಬನಿದ್ದ. ಅವನು ದಾಳಿಗೆ ಹೋದರೆ ಬರಿಗೈಯಲ್ಲಿ ಮರಳುತ್ತಿದ್ದುದೇ ಅಪರೂಪ. ಆದರೆ ಅಭ್ಯಾಸಕ್ಕೆ ಮನಸ್ಸು ಬಂದಾಗ ಬರುತ್ತಿದ್ದ. ಚಿಕ್ಕ ತರಗತಿಯ ಹುಡುಗನೊಬ್ಬ ಎದುರಾಳಿಯ ಕಾಲನ್ನು ಹಿಡಿದು ಜಾರಿಬಿಟ್ಟರೆ ಎಲ್ಲರೆದುರು ಅವನನ್ನು ಹೀಯಾಳಿಸುತ್ತಿದ್ದ. ನಮಗೆ ಇವೆಲ್ಲ ಗೊತ್ತಿತ್ತು. ಗೆಲವಿನ ಆಸೆಯಿಂದ ಕಣ್ಣು ಮುಚ್ಚಿಕೊಂಡು ಅವನನ್ನೇ ಆರಿಸಿದೆವು. ನಿರ್ಣಾಯಕ ಪಂದ್ಯದಲ್ಲಿ ಅವನು ಸಿಕ್ಕಿಬಿದ್ದ. ಸಿಕ್ಕಿಬಿದ್ದುದನ್ನು ಒಪ್ಪದೆ ಅಂಪೈರರೊಡನೆ ವಾದಕ್ಕಿಳಿದ. ಹಳದಿ ಚೀಟಿ ಪಡೆದು ಹೊರಗೆ ಬಂದು ಕುಳಿತ. ಆ ಎರಡು ನಿಮಿಷಗಳಲ್ಲಿ ಪಂದ್ಯವು ನಮ್ಮ ಕೈ ತಪ್ಪಿತು. ನಮಗೆ ಹೆಚ್ಚು ನೋವಾದುದು ಸೋಲಿನಿಂದಲ್ಲ. ಅವನಿಂದ ಹೀಯಾಳಿಸಿಕೊಂಡಿದ್ದ ಆ ಚಿಕ್ಕ ಹುಡುಗ ಅಂದು ಅಂಕಣದಲ್ಲಿ ಕಾಲು ಹಿಡಿಯಲು ಕೈ ಚಾಚಲೇ ಇಲ್ಲ. ಮತ್ತೆ ಜಾರಿದರೆ ಏನನ್ನು ಕೇಳಬೇಕಾದೀತೋ ಎಂಬ ಅಂಜಿಕೆ ಅವನಿಗೆ. ಒಬ್ಬನ ನಾಲಿಗೆಯು ಇನ್ನೊಬ್ಬನ ಕೈಯನ್ನು ಕಟ್ಟಿಹಾಕಿತ್ತು. ಒಬ್ಬನ ಸ್ವಭಾವವು ಅವನ ಆಟವನ್ನಷ್ಟೇ ಅಲ್ಲ, ಸುತ್ತಲಿನ ಆರು ಮಂದಿಯ ಆಟವನ್ನೂ ಹಿಗ್ಗಿಸಬಲ್ಲುದು ಅಥವಾ ಕುಗ್ಗಿಸಬಲ್ಲುದು ಎಂಬುದನ್ನು ನಾವು ಅಂದು ಕಲಿತೆವು. ತಂಡವನ್ನು ಆರಿಸುವವರು ಶೀಲವನ್ನು ತೂಗುವುದಕ್ಕೆ ಇದೇ ಮೊದಲ ಕಾರಣ.

ಹಾಗಾದರೆ ತೂಗುವುದು ಯಾವ ಯಾವ ಗುಣಗಳನ್ನು? ಅವು ದೊಡ್ಡ ದೊಡ್ಡ ಮಾತುಗಳಲ್ಲ. ಕಣ್ಣಿಗೆ ಕಾಣುವ ಚಿಕ್ಕ ಚಿಕ್ಕ ನಡೆಗಳು. ಹೇಳಿದ ಹೊತ್ತಿಗೆ ಬರುತ್ತಾನೆಯೇ? ತಿದ್ದಿದರೆ ಮುಖ ಗಂಟಿಕ್ಕುತ್ತಾನೆಯೇ, ಅಥವಾ ಮರುದಿನ ತಿದ್ದಿಕೊಂಡು ಬರುತ್ತಾನೆಯೇ? ಜೊತೆಗಾರನು ತಪ್ಪಿದಾಗ ಬೆನ್ನು ತಟ್ಟುತ್ತಾನೆಯೇ, ಬೆರಳು ತೋರಿಸುತ್ತಾನೆಯೇ? ಆಟ ಮುಗಿದ ಮೇಲೆ ಚಾಪೆ ಸುತ್ತುವಾಗ, ಗೂಟ ಕೀಳುವಾಗ ಉಳಿದಿರುತ್ತಾನೆಯೇ, ಮಾಯವಾಗುತ್ತಾನೆಯೇ? ತನಗೆ ಪ್ರಿಯವಲ್ಲದ ಕೆಲಸವನ್ನು ತಂಡಕ್ಕಾಗಿ ಕೈಗೆತ್ತಿಕೊಳ್ಳುತ್ತಾನೆಯೇ? ಎಲ್ಲಕ್ಕಿಂತ ಮಿಗಿಲಾಗಿ, ತನ್ನನ್ನು ಹೊರಗೆ ಕೂಡಿಸಿದಾಗ ಹೇಗೆ ಕೂಡುತ್ತಾನೆ?

ಪ್ರಿಯವಲ್ಲದ ಕೆಲಸದ ಮಾತು ಬಂದಿತು. ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕದ ಪರವಾಗಿ ಆಡಿದ ರಾಹುಲ್ ದ್ರಾವಿಡ್ ಅವರನ್ನು ನೀವೆಲ್ಲ ಬಲ್ಲಿರಿ. 1998ರಲ್ಲಿ ಅವರನ್ನು ಭಾರತದ ಏಕದಿನ ತಂಡದಿಂದ ಕೈಬಿಡಲಾಯಿತು. ಅವರು ನಿಧಾನವಾಗಿ ರನ್ನು ಕೂಡಿಸುತ್ತಾರೆಂಬುದು ದೂರಾಗಿತ್ತು. ಅವರು ದೂರಿದವರೊಡನೆ ಜಗಳಕ್ಕೆ ಹೋಗದೆ ತಮ್ಮ ಆಟವನ್ನು ತಿದ್ದಿಕೊಂಡರು. ಮರುವರ್ಷ 1999ರ ವಿಶ್ವಕಪ್ಪಿನಲ್ಲಿ 461 ರನ್ನುಗಳನ್ನು ಕೂಡಿಸಿ ಎಲ್ಲ ದೇಶಗಳ ಬ್ಯಾಟುಗಾರರಲ್ಲಿ ಮೊದಲಿಗರಾದರು. ಮುಂದೆ ತಂಡಕ್ಕೆ ಇನ್ನೊಬ್ಬ ಬ್ಯಾಟುಗಾರನ ಅವಶ್ಯಕತೆ ಬಿದ್ದಾಗ, ಆ ಸ್ಥಾನವನ್ನು ತೆರವುಮಾಡಿಕೊಡಲೆಂದು ವಿಕೆಟ್ ಕೀಪರನ ಕೈಗವಸುಗಳನ್ನು ತಾವೇ ತೊಟ್ಟರು. ದಿನವೆಲ್ಲ ಕುಕ್ಕುರುಗಾಲಿನಲ್ಲಿ ಕುಳಿತೇಳುವ ಆ ದುಡಿಮೆಯು ಮೊದಲ ಸಾಲಿನ ಬ್ಯಾಟುಗಾರನಿಗೆ ಹಗುರವಾದುದಲ್ಲ. 2003ರ ವಿಶ್ವಕಪ್ಪಿನಲ್ಲಿ ಅವರು ಹಾಗೆಯೇ ಆಡಿದರು. ಭಾರತವು ಅಂತಿಮ ಪಂದ್ಯದವರೆಗೆ ಹೋಯಿತು. "ನಾನು ಇದನ್ನು ಮಾತ್ರ ಮಾಡುತ್ತೇನೆ" ಎನ್ನುವವನಿಗೆ ತಂಡದಲ್ಲಿ ಒಂದೇ ಬಾಗಿಲು. "ಬೇಕಾದುದನ್ನು ಮಾಡುತ್ತೇನೆ" ಎನ್ನುವವನಿಗೆ ಹಲವು ಬಾಗಿಲುಗಳು. ಆಟದ ಅವಧಿಯು ಅವನಿಗೆ ಹೆಚ್ಚಾಗಿ ದೊರೆಯುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಹೊರಗೆ ಕೂಡುವ ಮಾತು. ಇದು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ. ಇದರಲ್ಲಿ ಕುಳಿತವರಲ್ಲಿ ಜಗತ್ತಿನ ಅತ್ಯುತ್ತಮ ಬ್ಯಾಟುಗಾರನೂ ಒಬ್ಬ. ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ 1928ರಲ್ಲಿ ಬ್ರಿಸ್ಬೇನಿನಲ್ಲಿ ತಮ್ಮ ಮೊದಲ ಟೆಸ್ಟನ್ನಾಡಿದಾಗ ಗಳಿಸಿದುದು 18 ಮತ್ತು 1. ಮುಂದಿನ ಟೆಸ್ಟಿನಲ್ಲಿ ಅವರನ್ನು ಹನ್ನೆರಡನೆಯವನಾಗಿ ಕೂಡಿಸಿದರು. ಮೂರನೆಯ ಟೆಸ್ಟಿಗೆ ಮರಳಿ ಕರೆದಾಗ ಮೆಲ್ಬೋರ್ನಿನಲ್ಲಿ 79 ಮತ್ತು 112 ರನ್ನುಗಳನ್ನು ಹೊಡೆದರು. ಟೆಸ್ಟ್ ಜೀವನದ ಕೊನೆಗೆ ಅವರ ಸರಾಸರಿ 99.94, ಇಂದಿಗೂ ಅದರ ಹತ್ತಿರಕ್ಕೆ ಯಾರೂ ಸುಳಿದಿಲ್ಲ. ಒಂದು ಪಂದ್ಯದಲ್ಲಿ ಹೊರಗೆ ಕುಳಿತುದರಿಂದ ಬ್ರಾಡ್ಮನ್ ಸಣ್ಣವರಾಗಲಿಲ್ಲ.

ನಮ್ಮ ಈ ಮುಂಬಯಿಯದೇ ಇನ್ನೊಂದು ಕಥೆಯಿದೆ. ನಿಮ್ಮಲ್ಲಿ ಕೆಲವರು ಅದರ ಅರ್ಧವನ್ನು ಮಾತ್ರ ಕೇಳಿರುತ್ತೀರಿ. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಷೀಲ್ಡ್ ಶಾಲಾ ಪಂದ್ಯವೊಂದರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಎಂಬ ಇಬ್ಬರು ಬಾಲಕರು ಮುರಿಯದ ಜೊತೆಯಾಟದಲ್ಲಿ 664 ರನ್ನುಗಳನ್ನು ಕೂಡಿಸಿದರು. ಇದು ಎಲ್ಲರೂ ಬಲ್ಲ ಅರ್ಧ. ಆ ಹೊತ್ತಿನಲ್ಲೆಲ್ಲ ಕಾಲಿಗೆ ಪ್ಯಾಡು ಕಟ್ಟಿಕೊಂಡು ತನ್ನ ಸರದಿಗಾಗಿ ಕಾದು ಕುಳಿತಿದ್ದ ಮೂರನೆಯ ಬಾಲಕನೊಬ್ಬನಿದ್ದ. ಅವನ ಸರದಿ ಬರಲೇ ಇಲ್ಲ. ಅವನ ಹೆಸರು ಅಮೋಲ್ ಮುಜುಮ್ದಾರ್. ಮುಂದೆ ಅವರು ಮುಂಬಯಿಯ ಪರವಾಗಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ 260 ರನ್ನು ಹೊಡೆದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ 11,000ಕ್ಕೂ ಹೆಚ್ಚು ರನ್ನುಗಳನ್ನು ಗಳಿಸಿದರು. ಅವರ ನಾಯಕತ್ವದಲ್ಲಿ ಮುಂಬಯಿ 2006-07ರ ರಣಜಿ ಕಪ್ಪನ್ನು ಗೆದ್ದಿತು. ಇಷ್ಟಾದರೂ ಭಾರತ ತಂಡದ ಬಾಗಿಲು ಅವರಿಗೆ ಒಮ್ಮೆಯೂ ತೆರೆಯಲಿಲ್ಲ. ಅವರ ಕಾಲದಲ್ಲಿ ಆ ಸಾಲಿನಲ್ಲಿ ದಿಗ್ಗಜರು ಕಿಕ್ಕಿರಿದಿದ್ದರು. ಬಾಲ್ಯದಲ್ಲಿ ಎರಡು ದಿನ ಕಾದ ಹುಡುಗ ಯೌವನದಲ್ಲಿ ಎರಡು ದಶಕ ಕಾದರು.

ಅಂಥವರು ಆಟವನ್ನೇ ದ್ವೇಷಿಸಿ ದೂರ ಸರಿದಿದ್ದರೂ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ, ಕಲಿಸುವವರಾದರು. 2023ರಲ್ಲಿ ಭಾರತದ ಮಹಿಳಾ ತಂಡದ ಮುಖ್ಯ ತರಬೇತುದಾರರಾದರು. 2025ರ ನವೆಂಬರ್ 2ರಂದು ನವಿಮುಂಬಯಿಯಲ್ಲಿ ಆ ತಂಡವು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊಟ್ಟಮೊದಲ ಬಾರಿಗೆ ವಿಶ್ವಕಪ್ಪನ್ನು ಎತ್ತಿಹಿಡಿಯಿತು.

ಆ ತಂಡದ ಇಬ್ಬರು ತರುಣಿಯರ ಸಂಗತಿಯು ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ನಮ್ಮ ನಗರದವರೇ ಆದ ಜೆಮಿಮಾ ರೊಡ್ರಿಗಸ್ ಅವರನ್ನು ಅದೇ ವಿಶ್ವಕಪ್ಪಿನ ನಡುವೆ ಇಂಗ್ಲೆಂಡಿನ ಎದುರಿನ ಪಂದ್ಯದಿಂದ ಕೈಬಿಟ್ಟಿದ್ದರು. ಮುಂದಿನ ಪಂದ್ಯಕ್ಕೆ ಅವರು ಮರಳಿದರು. ಅಕ್ಟೋಬರ್ 30ರ ಉಪಾಂತ್ಯ ಪಂದ್ಯದಲ್ಲಿ ಬಲಿಷ್ಠ ಆಸ್ಟ್ರೇಲಿಯದ ವಿರುದ್ಧ 339 ರನ್ನುಗಳನ್ನು ಬೆನ್ನಟ್ಟುವಾಗ ಔಟಾಗದೆ 127 ರನ್ನು ಗಳಿಸಿ ತಂಡವನ್ನು ದಡ ಸೇರಿಸಿದರು. ಇನ್ನೊಬ್ಬರು ಹರಿಯಾಣದ ಶಫಾಲಿ ವರ್ಮಾ. ಅವರ ಹೆಸರು ಮೊದಲ ಪಟ್ಟಿಯಲ್ಲಿಯೇ ಇರಲಿಲ್ಲ. ಆರಂಭದ ಬ್ಯಾಟುಗಾರ್ತಿಯೊಬ್ಬರಿಗೆ ಪೆಟ್ಟಾದುದರಿಂದ ಉಪಾಂತ್ಯಕ್ಕೆ ಮುನ್ನ ಅವರಿಗೆ ಕರೆ ಹೋಯಿತು. ಅಂತಿಮ ಪಂದ್ಯದಲ್ಲಿ 87 ರನ್ನು ಹೊಡೆದು, ಎರಡು ವಿಕೆಟ್ ಕಿತ್ತು, ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದರು. ಕರೆ ಬಂದಾಗ ಸಿದ್ಧರಾಗಿದ್ದುದೇ ಅವರ ಹಿರಿಮೆ. ಹೆಸರಿಲ್ಲವೆಂದು ಅಭ್ಯಾಸವನ್ನು ಬಿಟ್ಟು ಕುಳಿತವರನ್ನು ಅದೃಷ್ಟವು ಬಾಗಿಲು ತಟ್ಟಿ ಎಬ್ಬಿಸಿದರೂ ಪ್ರಯೋಜನವಿಲ್ಲ.

ಖೊ-ಖೊ ಆಡುವ ನಿಮಗೆ ಈ ಮಾತು ಸುಲಭವಾಗಿ ತಿಳಿಯಬೇಕು. ಅಟ್ಟುವ ತಂಡದ ಎಂಟು ಮಂದಿ ಒಬ್ಬರು ಆಚೆಗೆ, ಒಬ್ಬರು ಈಚೆಗೆ ಮುಖಮಾಡಿ ಸಾಲಾಗಿ ಕುಳಿತಿರುತ್ತಾರೆ, ಓಡುವವನು ಒಬ್ಬನೇ. ಬೆನ್ನಿಗೆ ಕೈ ತಾಗಿ 'ಖೊ' ಎಂಬ ಸದ್ದು ಕೇಳುವ ಮುನ್ನ ಎದ್ದರೆ ತಪ್ಪು. ಕೇಳಿದ ಮೇಲೆ ಏಳಲು ತಡಮಾಡಿದರೆ ಆಟ ಕೆಟ್ಟಿತು. ಹಾಗೆ ಕುಳಿತವನು ವಿಶ್ರಾಂತಿ ಪಡೆಯುತ್ತಿಲ್ಲ. ಅವನ ಕಣ್ಣು ಓಡುವವನ ಮೇಲಿದೆ, ಕಿವಿ ಬೆನ್ನ ಹಿಂದಿದೆ, ಕಾಲ್ಬೆರಳು ನೆಲವನ್ನೊತ್ತಿ ನಿಂತಿದೆ. ನಮ್ಮ ಹಿರಿಯರು ಕಟ್ಟಿದ ಈ ಆಟದಲ್ಲಿ ಕುಳಿತಿರುವುದೂ ಆಟವೇ. ಗೆರೆಯ ಹೊರಗೆ ಕುಳಿತ ಮೀಸಲು ಆಟಗಾರನೂ ಹಾಗೆಯೇ ಕುಳಿತಿರಬೇಕು.

ಇಷ್ಟನ್ನು ಓದಿದ ಜಾಣ ಹುಡುಗನೊಬ್ಬನು, "ಹಾಗಾದರೆ ಹೊತ್ತಿಗೆ ಸರಿಯಾಗಿ ಬಂದು, ಚಾಪೆ ಸುತ್ತಿ, ಸರ್ ಎದುರು ನಗುಮುಖದಿಂದಿದ್ದರೆ ಹೆಸರು ಬಂದೇ ಬರುತ್ತದೆ" ಎಂದು ಲೆಕ್ಕ ಹಾಕಿಯಾನು. ಅದು ಶೀಲವಲ್ಲ, ವ್ಯಾಪಾರ. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ. ಆರ್. ವಿಶ್ವನಾಥ್ ಅವರು 1980ರ ಫೆಬ್ರವರಿಯಲ್ಲಿ ಇದೇ ಮುಂಬಯಿಯ ವಾಂಖೆಡೆ ಅಂಗಳದಲ್ಲಿ ಭಾರತದ ನಾಯಕರಾಗಿದ್ದರು. ಅದು ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ ಐದು ವಿಕೆಟ್ ಕಳೆದುಕೊಂಡು ತತ್ತರಿಸುತ್ತಿದ್ದಾಗ ಬಾಬ್ ಟೇಲರ್ ಅವರು ವಿಕೆಟ್ ಹಿಂದೆ ಕ್ಯಾಚಿತ್ತರೆಂದು ಅಂಪೈರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಟೇಲರರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬಾಥಮ್ ಸೇರಿ 171 ರನ್ನುಗಳ ಜೊತೆಯಾಟವಾಡಿದರು. ಭಾರತವು ಹತ್ತು ವಿಕೆಟುಗಳಿಂದ ಸೋತಿತು. ಅಂದು ಸತ್ಯಕ್ಕೆ ಬಹುಮಾನ ದೊರೆಯಲಿಲ್ಲ, ಸೋಲು ದೊರೆಯಿತು. ಆದರೂ ಆ ಪಂದ್ಯದ ಮಾತು ಬಂದಾಗಲೆಲ್ಲ ಜನರು ಮೊದಲು ನೆನೆಯುವುದು ವಿಶ್ವನಾಥರ ಆ ಕರೆಯನ್ನೇ. ಶೀಲವು ಆಟದ ಅವಧಿಯನ್ನು ಹೆಚ್ಚಿಸುವುದುಂಟು. ಆದರೆ ಅವಧಿಗಾಗಿ ತೊಟ್ಟ ಶೀಲವು ವೇಷ. ಅದು ಮೊದಲ ಸೋಲಿನಲ್ಲಿಯೇ ಕಳಚಿ ಬೀಳುತ್ತದೆ.

ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಒಳ್ಳೆಯ ನಡತೆಯು ಕೌಶಲದ ಸ್ಥಾನವನ್ನು ತುಂಬಲಾರದು. ಹೊತ್ತಿಗೆ ಸರಿಯಾಗಿ ಬರುವವನು ಹಿಡಿತವನ್ನು ಕಲಿಯದಿದ್ದರೆ ಅವನ ಬರವು ಅರ್ಧ ಕೆಲಸವೇ ಸರಿ. ಕೆಲವೊಮ್ಮೆ ಎಲ್ಲವೂ ಇದ್ದರೂ ಸ್ಥಾನ ದೊರೆಯುವುದಿಲ್ಲ; ಮುಜುಮ್ದಾರರ ಜೀವನವೇ ಅದಕ್ಕೆ ಸಾಕ್ಷಿ.

ಈಗ ತಕ್ಕಡಿಯ ದೋಷವನ್ನು ಹೇಳುವೆವು. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ಅದೇ. ಶೀಲವನ್ನು ಅಳೆಯಲು ಗಡಿಯಾರವಿಲ್ಲ, ಅಳತೆಯ ಪಟ್ಟಿಯಿಲ್ಲ. ಇರುವುದು ಹಿರಿಯರ ಎರಡು ಕಣ್ಣು. ಆ ಕಣ್ಣುಗಳು ಮೋಸಹೋಗುತ್ತವೆ. ಹತ್ತನೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನಿದ್ದ. ಕಬಡ್ಡಿಯಲ್ಲಿ ಎಡಮೂಲೆಯನ್ನು ಕಾಯುವುದರಲ್ಲಿ ಅವನಿಗೆ ಸಮನಿರಲಿಲ್ಲ. ಬೆಳಗಿನ ಆರೂವರೆಯ ಅಭ್ಯಾಸಕ್ಕೆ ಅವನು ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದ. ಏಕೆಂದು ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ನಾವು ಅದನ್ನು ಸೋಮಾರಿತನವೆಂದೂ ಉದ್ಧಟತನವೆಂದೂ ಬಗೆದೆವು. ಶಿಸ್ತಿನ ಪಾಠವನ್ನು ಕಲಿಸಬೇಕೆಂದು ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆವು. ಅವನು ಏನನ್ನೂ ಹೇಳಲಿಲ್ಲ. ಆ ವರ್ಷದ ಪ್ರತಿಯೊಂದು ಪಂದ್ಯಕ್ಕೂ ಬಂದ. ನೀರಿನ ಡಬ್ಬಿ ಹೊತ್ತ. ತನ್ನ ಸ್ಥಾನದಲ್ಲಿ ಆಡಿದವನ ಮೊಣಕಾಲಿಗೆ ತಾನೇ ಪಟ್ಟಿ ಕಟ್ಟಿದ.

ವರ್ಷದ ಕೊನೆಗೆ, ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದ ಅವನ ತಂಗಿಯ ಬಾಯಿಂದ ಮಾತಿನ ನಡುವೆ ನಿಜವು ಹೊರಬಿದ್ದಿತು. ತಂದೆ ಹೋಟೆಲಿನಲ್ಲಿ ರಾತ್ರಿಯ ಪಾಳಿ ಮುಗಿಸಿ ಮನೆ ಸೇರುವಾಗ ಬೆಳಕು ಹರಿದಿರುತ್ತಿತ್ತು. ತಾಯಿ ಹಾಸಿಗೆ ಹಿಡಿದಿದ್ದಳು. ಅವರ ಚಾಳಿನಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ. ಸರದಿಯಲ್ಲಿ ನಿಂತು ನೀರು ತುಂಬಿ, ಗಂಜಿ ಬೇಯಿಸಿಟ್ಟು, ತಂಗಿಯನ್ನು ಎಬ್ಬಿಸಿ ಅವನು ಓಡಿ ಬರಬೇಕಾಗಿತ್ತು. ಸರದಿ ಬೇಗ ಬಂದ ದಿನ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಬಾರದ ದಿನ ತಡವಾಗುತ್ತಿತ್ತು. ಮನೆಯ ಬಡತನವನ್ನು ಬಾಯಿಬಿಟ್ಟು ಹೇಳಲು ಅವನಿಗೆ ಸಂಕೋಚ. ನಾವು ಯಾವ ಗುಣವನ್ನು ತೂಗುತ್ತಿದ್ದೇವೆಂದು ಹೆಮ್ಮೆಪಡುತ್ತಿದ್ದೆವೋ ಅದು ನಮ್ಮ ತಂಡದ ಯಾವ ಹುಡುಗನಿಗಿಂತಲೂ ಅವನಲ್ಲಿ ಹೆಚ್ಚಾಗಿತ್ತು. ತಿಳಿಯುವ ಹೊತ್ತಿಗೆ ಪಂದ್ಯಗಳೆಲ್ಲ ಮುಗಿದಿದ್ದವು. ಅವನು ಪರೀಕ್ಷೆಗೆ ಕುಳಿತು ಶಾಲೆಯನ್ನು ಬಿಟ್ಟು ಹೋದ. ಅವನಿಗೆ ಹಿಂದಿರುಗಿ ಕೊಡಲು ನಮ್ಮ ಕೈಯಲ್ಲಿ ಒಂದು ಪಂದ್ಯವೂ ಉಳಿದಿರಲಿಲ್ಲ.

ಅಂದಿನಿಂದ ನಾವು ಎರಡು ನಿಯಮಗಳನ್ನು ಹಾಕಿಕೊಂಡಿದ್ದೇವೆ. ಹೆಸರನ್ನು ಹೊಡೆಯುವ ಮುನ್ನ ಹುಡುಗನನ್ನು ಒಬ್ಬನನ್ನೇ ಕರೆದು ಕುಳ್ಳಿರಿಸಿ ಕೇಳುತ್ತೇವೆ. ಉತ್ತರ ಬಾರದಿದ್ದರೆ ಮನೆಯವರನ್ನು ಕೇಳುತ್ತೇವೆ. ಎರಡನೆಯದು, ಅಭ್ಯಾಸಕ್ಕೆ ಬರುವ ಪ್ರತಿಯೊಬ್ಬನೂ ವರ್ಷದಲ್ಲಿ ಒಂದು ಪಂದ್ಯದಲ್ಲಾದರೂ ಅಂಗಳಕ್ಕೆ ಇಳಿಯುವಂತೆ ನೋಡಿಕೊಳ್ಳುತ್ತೇವೆ. ದ್ರಾವಿಡ್ ಅವರು ಭಾರತ 'ಎ' ತಂಡವನ್ನು ತರಬೇತುಗೊಳಿಸುತ್ತಿದ್ದಾಗ ಪ್ರವಾಸಕ್ಕೆ ಬಂದ ಪ್ರತಿಯೊಬ್ಬ ತರುಣನಿಗೂ ಆಡುವ ಅವಕಾಶ ದೊರೆಯಬೇಕೆಂದು ಹಟ ಹಿಡಿಯುತ್ತಿದ್ದರು. ಅಂಥ ಮಟ್ಟದಲ್ಲಿಯೇ ಅದು ಸಾಧ್ಯವಾದರೆ ಒಂದು ಶಾಲೆಯಲ್ಲಿ ಸಾಧ್ಯವಾಗದೆ? ಆಟಗಾರನ ಶೀಲವನ್ನು ಕೇಳುವ ಮೊದಲು ಆರಿಸುವವನ ಶೀಲವನ್ನು ಕೇಳಬೇಕು.

ನಿಮ್ಮ ಪಾಲಿನ ಕೆಲಸವೂ ಒಂದಿದೆ. ಹೆಸರು ಬಾರದಿದ್ದಾಗ ಮೆಟ್ಟಿಲಿಳಿದು ಹೋಗಬೇಡಿ. ಗೆಳೆಯರ ಗುಂಪಿನಲ್ಲಿ ನಿಂತು ಆಯ್ಕೆಯಾದವನನ್ನು ಹಳಿಯಲೂ ಬೇಡಿ. ಒಂದು ದಿನ ತಾಳಿ ನಮ್ಮ ಬಳಿಗೆ ಬನ್ನಿ. "ನನ್ನನ್ನೇಕೆ ಬಿಟ್ಟಿರಿ?" ಎನ್ನುವುದಕ್ಕೆ ಬದಲಾಗಿ, "ಸರ್, ಯಾವುದನ್ನು ತಿದ್ದಿಕೊಂಡರೆ ನಾನು ಆಡಬಹುದು?" ಎಂದು ಕೇಳಿ. ಮೊದಲ ಪ್ರಶ್ನೆಗೆ ನಾವು ಕೊಡಬಲ್ಲುದು ಸಮಜಾಯಿಷಿ; ಎರಡನೆಯದಕ್ಕೆ ಕೊಡಬೇಕಾದುದು ಕೆಲಸ. ಮನೆಯಲ್ಲಿ ತೊಂದರೆಯಿದ್ದರೆ ಅದನ್ನೂ ಹೇಳಿ. ನೀರು ತುಂಬಿ ಬಂದವನು ನಾಚಬೇಕಾದುದಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆಗೆ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದ ತರುಣರಿಂದಲೇ ಈ ನಗರದ ಕನ್ನಡ ಬಾಳು ಬೆಳೆದು ಬಂದಿದೆ. ಹೇಳದಿದ್ದರೆ ನಮಗೆ ತಿಳಿಯುವ ಬಗೆ ಹೇಗೆ?

ಈ ವರ್ಷದ ಪಟ್ಟಿಯೂ ಸದ್ಯದಲ್ಲಿಯೇ ಹೊರಬೀಳಲಿದೆ. ಅದರಲ್ಲಿಯೂ ಹನ್ನೆರಡೇ ಹೆಸರುಗಳಿರುತ್ತವೆ. ಆದರೆ ಕಾಗದದ ಕೆಳಗೆ ಈ ಸಲ ಒಂದು ಸಾಲನ್ನು ಹೆಚ್ಚಾಗಿ ಬರೆಯಿಸಿದ್ದೇವೆ: "ಹೆಸರಿಲ್ಲದವರು ನಾಳೆ ಬೆಳಿಗ್ಗೆ ಆರೂವರೆಗೆ ಅಭ್ಯಾಸಕ್ಕೆ ಬರತಕ್ಕದ್ದು. ತಡವಾಗುವವರು ಕಾರಣವನ್ನು ತಿಳಿಸಿದರೆ ಸಾಕು."